ಸಂಬಳ ಸರ್ಕಾರದ್ದು, ನೇಮಕ ಯಾರದು?

ಮಲೆಯಾಳದ ಹಿರಿಯ ಕಥೆಗಾರ ಕಾರೂರು ನೀಲಕಂಠ ಪಿಳ್ಳೆಯವರು ಸ್ವತಃ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ‘ಪೊತಿಚ್ಚೋರು’ ಎಂಬ ಕಥೆಯಲ್ಲಿ ಶಾಲೆಗೆ ಬಂದ ಮಗುವೊಂದರ ಬುತ್ತಿಯನ್ನ ಕಾಣೆಯಾಗುತ್ತದೆ. ಅದನ್ನು ಕದ್ದು ತಿಂದವನು ಹಸಿವು ತಾಳಲಾರದ ಉಪಾಧ್ಯಾಯನೇ. ಕಥೆಯನ್ನು ಓದಿದವರಿಗೆ ಆ ಉಪಾಧ್ಯಾಯನ ಮೇಲೆ ಸಿಟ್ಟು ಬರುವುದಿಲ್ಲ. ಅವನಿಗೆ ಸಂಬಳ ಕೊಡಬೇಕಾಗಿದ್ದವರು ಯಾರು, ಅವರು ಕೊಟ್ಟುದೆಷ್ಟು ಎಂಬ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಈ ಪ್ರಶ್ನೆಗೆ ಕೇರಳದ ಶಾಸನಸಭೆ 1957ರಲ್ಲಿ ಒಂದು ಉತ್ತರ ಕೊಟ್ಟಿತು. ಅದೇ ಕೇರಳ ವಿದ್ಯಾಭ್ಯಾಸ ಮಸೂದೆ. ಅದರ ಹೆಸರೆತ್ತಿದೊಡನೆ ಬಹುಮಂದಿಗೆ ನೆನಪಾಗುವುದು ಕಮ್ಯುನಿಸ್ಟ್ ಮಂತ್ರಿಮಂಡಲ, ಬಿಷಪ್ಪರ ಪ್ರತಿಭಟನೆ, ಬೀದಿಬೀದಿಯ ಮೆರವಣಿಗೆ, ಗೋಲಿಬಾರು, ಕಟ್ಟಕಡೆಗೆ ರಾಷ್ಟ್ರಪತಿ ಆಡಳಿತ. ಇವೆಲ್ಲ ನಡೆದವು, ಸುಳ್ಳಲ್ಲ. ಆದರೆ ಇಷ್ಟೆಲ್ಲ ಧೂಳೆದ್ದ ಮೇಲೆ ಮಸೂದೆಯೊಳಗೆ ಏನಿತ್ತು, ಅದರಲ್ಲಿ ಉಳಿದದ್ದೇನು, ಹೋದದ್ದೇನು ಎಂದು ನೋಡುವವರು ಕಡಿಮೆ. ಮಂತ್ರಿಮಂಡಲ ಉರುಳಿದರೂ ಮಸೂದೆ ಸಾಯಲಿಲ್ಲ. ಒಂದು ಅಂಗವನ್ನು ಕಳೆದುಕೊಂಡು ಇಂದಿಗೂ ಬದುಕಿದೆ.

ಮೊದಲು ಅಲ್ಲಿನ ಶಾಲೆಗಳ ಹಿನ್ನೆಲೆಯನ್ನು ತಿಳಿಯಬೇಕು. 1817ರಷ್ಟು ಹಿಂದೆಯೇ ತಿರುವಾಂಕೂರಿನ ರಾಣಿ ಗೌರಿ ಪಾರ್ವತೀಬಾಯಿಯವರು ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ರಾಜ್ಯವೇ ಹೊರಬೇಕೆಂದು ನಿರೂಪ ಹೊರಡಿಸಿದ್ದರು. ಆ ಕಾಲಕ್ಕೆ ಅದು ಸಾಮಾನ್ಯವಾದ ಮಾತಲ್ಲ. ಆದರೆ ನಿರೂಪ ಬೇರೆ, ಬೊಕ್ಕಸ ಬೇರೆ. ಶಾಲೆಗಳನ್ನು ನಿಜವಾಗಿ ಊರೂರಿಗೆ ಒಯ್ದವರಲ್ಲಿ ಮಿಷನರಿಗಳು ಮುಖ್ಯರು. ಅವರ ಹಿಂದೆಯೇ ದೇಶೀಯ ಕ್ರೈಸ್ತಸಭೆಗಳು ಬಂದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾತಿ ಸಂಘಗಳೂ ಈ ಕೆಲಸಕ್ಕೆ ಕೈಹಾಕಿದವು. 1903ರಲ್ಲಿ ಈಳವರ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ, 1914ರಲ್ಲಿ ನಾಯರ್ ಸರ್ವಿಸ್ ಸೊಸೈಟಿ ಹುಟ್ಟಿದವು. ಒಬ್ಬೊಬ್ಬರದೂ ಶಾಲೆ, ಒಬ್ಬೊಬ್ಬರಿಗೂ ಸರ್ಕಾರದ ಗ್ರಾಂಟು. ಉತ್ತರದ ಮಲಬಾರು ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಒಂದು ಕುಟುಂಬವೇ, ಕೆಲವು ಕಡೆ ಒಬ್ಬ ಉಪಾಧ್ಯಾಯನೇ, ಶಾಲೆಯ ಒಡೆಯನಾಗಿರುವುದು ವಾಡಿಕೆ. ಹೀಗೆ 1956ರ ನವೆಂಬರ್ 1ರಂದು ಕೇರಳ ರಾಜ್ಯ ರೂಪುಗೊಂಡಾಗ ಅಲ್ಲಿನ ಶಾಲೆಗಳಲ್ಲಿ ಹೆಚ್ಚಿನವು ಖಾಸಗಿಯವರ ಕೈಯಲ್ಲಿದ್ದವು, ಆದರೆ ಸರ್ಕಾರದ ಹಣದಿಂದ ನಡೆಯುತ್ತಿದ್ದವು. ಅಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡು ತಾಲ್ಲೂಕಿನ ಕನ್ನಡ ಶಾಲೆಗಳೂ ಈ ಕಥೆಯೊಳಗೆ ಬಂದುವೆಂಬುದನ್ನು ನಾವು ಮರೆಯಬಾರದು.

ಈ ಖಾಸಗಿಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಸರ್ಕಾರದ ಶಾಲೆ ಇಲ್ಲದ ಕಡೆ ತಮ್ಮ ಜಾಗ ಕೊಟ್ಟು, ಕೈಯಿಂದ ಖರ್ಚು ಮಾಡಿ, ಮಕ್ಕಳನ್ನು ಕರೆತಂದು ಕೂಡಿಸಿದವರು ಅವರಲ್ಲಿ ಎಷ್ಟೋ ಮಂದಿ. ಕೇರಳದ ಅಕ್ಷರಸ್ಥಿತಿ ಇಂಡಿಯಕ್ಕೆಲ್ಲ ಮೇಲಾಗಿರುವುದಕ್ಕೆ ಅವರ ಪಾಲೂ ಇದೆ. ಆದರೆ ಶಾಲೆಯ ಆಡಳಿತ ನಡೆಸುವವನಿಗೆ, ಅಲ್ಲಿನವರು ಕರೆಯುವಂತೆ ‘ಮ್ಯಾನೇಜರಿಗೆ’, ಉಪಾಧ್ಯಾಯನ ಮೇಲೆ ಇದ್ದ ಅಧಿಕಾರಕ್ಕೆ ಎಲ್ಲೆ ಎಂಬುದೇ ಇರಲಿಲ್ಲ. ಗ್ರಾಂಟು ಮ್ಯಾನೇಜರಿಗೆ ಬರುತ್ತಿತ್ತು. ಸಂಬಳ ಅವನ ಕೈಯಿಂದ ಹೋಗುತ್ತಿತ್ತು. ಪುಸ್ತಕದಲ್ಲಿ ಒಂದು ಮೊತ್ತಕ್ಕೆ ರುಜು ಹಾಕಿ, ಕೈಯಲ್ಲಿ ಇನ್ನೊಂದು ಮೊತ್ತವನ್ನು ಪಡೆದು ಮನೆಗೆ ಹೋಗುವುದು ಅನೇಕ ಶಾಲೆಗಳಲ್ಲಿ ಗುಟ್ಟಾಗಿಯೂ ಉಳಿದಿರಲಿಲ್ಲ. ನೇಮಕಕ್ಕೆ ಮೊದಲು ‘ಕಾಣಿಕೆ’, ಬೇಸಗೆ ರಜೆ ಬಂದಾಗ ಕೆಲಸದಿಂದ ಬಿಡುಗಡೆ, ಶಾಲೆ ತೆರೆದಾಗ ಮತ್ತೆ ಹೊಸ ನೇಮಕ: ಇವೂ ದೂರುಗಳ ಪಟ್ಟಿಯಲ್ಲಿದ್ದವು. ರುಜು ಹಾಕಲಾರೆನೆಂದವನಿಗೆ ಮರುದಿನ ಶಾಲೆಯಲ್ಲಿ ಜಾಗವಿಲ್ಲ. (ಅನುದಾನಿತ ಶಾಲೆಗಳಲ್ಲಿ ದುಡಿದ ನಮ್ಮ ಹಿರಿಯ ಉಪಾಧ್ಯಾಯರನ್ನು ಕೇಳಿದರೆ, ಈ ಎರಡು ಮೊತ್ತದ ಲೆಕ್ಕ ಕೇರಳಕ್ಕೆ ಮಾತ್ರ ಮೀಸಲಾಗಿರಲಿಲ್ಲವೆಂದು ಹೇಳಿಯಾರು.)

ಕಮ್ಯುನಿಸ್ಟರು ಬರುವುದಕ್ಕೆ ಮುಂಚೆ ಇದನ್ನು ಯಾರೂ ಮುಟ್ಟಲಿಲ್ಲವೆನ್ನುವುದು ತಪ್ಪು. ದಿವಾನ್ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರು 1945ರ ಸುಮಾರಿಗೆ ತಿರುವಾಂಕೂರಿನ ಪ್ರಾಥಮಿಕ ಶಿಕ್ಷಣವನ್ನು ಸರ್ಕಾರದ ವಶಕ್ಕೆ ತರಹೊರಟಾಗ ಚಂಗನಾಶ್ಶೇರಿಯ ಬಿಷಪ್ಪರು ಅದನ್ನು ಬಹಿರಂಗವಾಗಿ ಎದುರಿಸಿದರು. ಸಿ. ಪಿ. ಯವರನ್ನು ಕಮ್ಯುನಿಸ್ಟರೆಂದು ಯಾರೂ ಕರೆಯಲಾರರು! ಅನಂತರ ತಿರುವಾಂಕೂರು-ಕೊಚ್ಚಿಯ ಕಾಂಗ್ರೆಸ್ ಸರ್ಕಾರದಲ್ಲಿ ಪನಂಪಿಳ್ಳಿ ಗೋವಿಂದ ಮೇನೋನರು ಖಾಸಗಿ ಪ್ರೌಢಶಾಲೆಗಳ ಉಪಾಧ್ಯಾಯರಿಗೆ ಸರ್ಕಾರವೇ ಸಂಬಳ ಕೊಡುವ ಯೋಜನೆಯೊಂದನ್ನು ತಂದರು. ಆದ್ದರಿಂದ 1957ರ ಮಸೂದೆ ಆಕಾಶದಿಂದ ಉದುರಿದುದಲ್ಲ. ಹಿಂದಿನವರು ಅರ್ಧದಲ್ಲಿ ಬಿಟ್ಟ ಕೆಲಸ.

ಆ ವರ್ಷದ ಚುನಾವಣೆಯಲ್ಲಿ 126 ಸ್ಥಾನಗಳ ಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ 60 ಸ್ಥಾನಗಳು ಬಂದವು. ಪಕ್ಷೇತರರು ಐವರ ಬೆಂಬಲದಿಂದ ಇ. ಎಂ. ಎಸ್. ನಂಬೂದಿರಿಪಾಡರು ಏಪ್ರಿಲ್ 5ರಂದು ಮುಖ್ಯಮಂತ್ರಿಯಾದರು. ವಿದ್ಯಾಭ್ಯಾಸ ಖಾತೆ ಜೋಸೆಫ್ ಮುಂಡಶ್ಶೇರಿಯವರಿಗೆ ಹೋಯಿತು. ಸಾಹಿತ್ಯಾಸಕ್ತರಿಗೆ ಇವರ ಹೆಸರು ಮಂತ್ರಿಯಾಗುವುದಕ್ಕೂ ಮೊದಲೇ ಪರಿಚಿತ. ಮಲೆಯಾಳದ ಹೊಸ ವಿಮರ್ಶೆಯನ್ನು ಕಟ್ಟಿದವರಲ್ಲಿ ಅವರೊಬ್ಬರು. ಹುಟ್ಟಿನಿಂದ ಕೆಥೊಲಿಕರು. ತ್ರಿಚೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿದವರು. ಖಾಸಗಿ ಕಾಲೇಜಿನ ಅಧ್ಯಾಪಕನ ಪಾಡನ್ನೇ ವಸ್ತುವಾಗಿಟ್ಟುಕೊಂಡು ‘ಪ್ರೊಫೆಸರ್’ ಎಂಬ ಕಾದಂಬರಿಯನ್ನೂ ಬರೆದಿದ್ದರು. ಆಡಳಿತ ಮಂಡಳಿಗಳ ಒಳಹೊರಗನ್ನು ಬಲ್ಲ ಇಂಥ ಮನುಷ್ಯ ಮಂತ್ರಿಯಾಗಿ ಬಂದುದೇ ಆಡಳಿತ ಮಂಡಳಿಗಳಿಗೆ ಅರ್ಧ ಭಯ ಹುಟ್ಟಿಸಿರಬೇಕು.

ಮಸೂದೆ 1957ರ ಜುಲೈಯಲ್ಲಿ ಸಭೆಯ ಮುಂದೆ ಬಂತು. ಸೆಪ್ಟೆಂಬರ್ 2ರಂದು ಅಂಗೀಕಾರವಾಯಿತು. ಅದರ ಕಲಮುಗಳೆಲ್ಲವನ್ನೂ ಇಲ್ಲಿ ವಿವರಿಸುವುದು ಬೇಡ. ಜಗಳವಿದ್ದುದು ಕೆಲವರ ಮೇಲೆ ಮಾತ್ರ. ಒಂಬತ್ತನೆಯ ಕಲಮಿನ ಪ್ರಕಾರ ಅನುದಾನಿತ ಶಾಲೆಯ ಉಪಾಧ್ಯಾಯರ ಸಂಬಳವನ್ನು ಸರ್ಕಾರ ನೇರವಾಗಿಯೋ ಮುಖ್ಯೋಪಾಧ್ಯಾಯರ ಮೂಲಕವೋ ಕೊಡತಕ್ಕದ್ದು. ಮಕ್ಕಳಿಂದ ವಸೂಲಾದ ಫೀಜನ್ನು ಸರ್ಕಾರ ಹೇಳಿದ ರೀತಿಯಲ್ಲಿ ಮ್ಯಾನೇಜರು ಒಪ್ಪಿಸತಕ್ಕದ್ದು. ಹನ್ನೊಂದನೆಯ ಕಲಮು ಇದರ ಜೋಡಿ: ಪಬ್ಲಿಕ್ ಸರ್ವಿಸ್ ಕಮಿಷನ್ ಪ್ರತಿವರ್ಷ ಜಿಲ್ಲೆಜಿಲ್ಲೆಗೂ ಉಪಾಧ್ಯಾಯರನ್ನು ಆರಿಸಿ ಪಟ್ಟಿ ಪ್ರಕಟಿಸುವುದು, ಮ್ಯಾನೇಜರು ಆ ಪಟ್ಟಿಯಿಂದಲೇ ನೇಮಕ ಮಾಡುವುದು, ಹಿಂದುಳಿದವರ ಮೀಸಲಾತಿಯನ್ನು ಆಯ್ಕೆಯಲ್ಲಿ ಗಮನಿಸುವುದು. ಕೆಲಸದಿಂದ ತೆಗೆಯಬೇಕಾದರೂ ಅಧಿಕಾರಿಯ ಒಪ್ಪಿಗೆ ಬೇಕು. ಹದಿನಾಲ್ಕನೆಯದು, ಮ್ಯಾನೇಜರು ಕರ್ತವ್ಯ ತಪ್ಪಿದರೆ ಶಾಲೆಯ ಆಡಳಿತವನ್ನು ಐದು ವರ್ಷಗಳಿಗೆ ಮೀರದಂತೆ ಸರ್ಕಾರ ವಹಿಸಿಕೊಳ್ಳಬಹುದೆಂದಿತು. ಹದಿನೈದನೆಯದು ಇನ್ನೂ ಮುಂದೆ ಹೋಯಿತು. ಒಂದು ಪ್ರದೇಶದ ಯಾವುದಾದರೊಂದು ವರ್ಗದ ಅನುದಾನಿತ ಶಾಲೆಗಳನ್ನೆಲ್ಲ, ಸಭೆಯ ನಿರ್ಣಯದೊಡನೆ, ಪರಿಹಾರ ಕೊಟ್ಟು, ಸರ್ಕಾರ ಸ್ವಾಧೀನ ಮಾಡಿಕೊಳ್ಳಬಹುದು.

ಉಪಾಧ್ಯಾಯನ ದೃಷ್ಟಿಯಿಂದ ನೋಡಿದರೆ ಒಂಬತ್ತು ಮತ್ತು ಹನ್ನೊಂದು ಸೇರಿದರೇ ಒಂದು ಪೂರ್ಣ ಪರಿಹಾರ. ಸಂಬಳ ಖಜಾನೆಯಿಂದ ಬಂದರೆ ಎರಡು ಮೊತ್ತದ ಲೆಕ್ಕಕ್ಕೆ ಆಸ್ಪದವಿಲ್ಲ. ಆದರೆ ನೇಮಕ ಮ್ಯಾನೇಜರ ಕೈಯಲ್ಲೇ ಉಳಿದರೆ ತಿಂಗಳು ತಿಂಗಳು ಕಡಿತವಾಗುತ್ತಿದ್ದುದು ಒಂದೇ ಸಲಕ್ಕೆ ಮುಂಗಡವಾಗಿ ವಸೂಲಾಗಬಹುದಲ್ಲವೆ? ಅದೂ ಅಲ್ಲದೆ, ಎಲ್ಲರ ತೆರಿಗೆಯಿಂದ ಸಂಬಳ ಪಡೆಯುವ ಕೆಲಸಕ್ಕೆ ಎಲ್ಲ ಜಾತಿಯವರೂ ಅರ್ಜಿ ಹಾಕುವಂತಿರಬೇಕೆನ್ನುವುದನ್ನು ಅಲ್ಲಗಳೆಯುವುದು ಕಷ್ಟ. ಕೇರಳದಲ್ಲಿ ಈ ಮಾತಿಗೆ ವಿಶೇಷ ಅರ್ಥವಿತ್ತು. 1910ರಲ್ಲಿ ಅಯ್ಯಂಕಾಳಿಯವರು ಪುಲಯರ ಹುಡುಗಿಯೊಬ್ಬಳನ್ನು ಊರೂಟ್ಟಂಬಲದ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಲುಜಾತಿಯವರು ಶಾಲೆಗೇ ಬೆಂಕಿ ಹಚ್ಚಿದ ನಾಡು ಅದು. ಬೆಂಚಿನ ಮೇಲೆ ಕೂರುವ ಹಕ್ಕು ಬಂದ ಮೇಲೆ, ಮೇಜಿನ ಹಿಂದೆ ನಿಲ್ಲುವ ಹಕ್ಕಿನ ಪ್ರಶ್ನೆ ಏಳುವುದು ಸಹಜ.

ಎದುರು ಪಕ್ಷದವರ ಭಯವನ್ನೂ ಹಗುರಾಗಿ ತಳ್ಳಿಹಾಕುವಂತಿಲ್ಲ. ಪಕ್ಷವೊಂದು ಆಡಳಿತಕ್ಕೆ ಬಂದು, ಉಪಾಧ್ಯಾಯರನ್ನು ಆರಿಸುವ ಯಂತ್ರವನ್ನು ಹಿಡಿದು, ಪಠ್ಯಪುಸ್ತಕಗಳನ್ನೂ ತಾನೇ ಅಚ್ಚು ಹಾಕಿಸಿದರೆ ಶಾಲೆ ಆ ಪಕ್ಷದ ಪಾಠಶಾಲೆಯಾಗದೆ ಇರುವುದೆ ಎಂದು ಅವರು ಕೇಳಿದರು. ಆಗಿನ ಜಗತ್ತಿನಲ್ಲಿ ಕಮ್ಯುನಿಸ್ಟ್ ದೇಶಗಳ ಶಾಲೆಗಳ ಬಗ್ಗೆ ಕೇಳಿಬರುತ್ತಿದ್ದ ಸುದ್ದಿ ಈ ಭಯವನ್ನು ಪೋಷಿಸಿತು. ತಮ್ಮ ಸಭೆಯ ಮಕ್ಕಳಿಗೆ ತಮ್ಮ ಶ್ರದ್ಧೆಯನ್ನು ಗೌರವಿಸುವ ಉಪಾಧ್ಯಾಯರೇ ಪಾಠ ಹೇಳಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಕಮಿಷನ್ ಸರ್ಕಾರದ ಕೈಗೊಂಬೆಯಲ್ಲ, ರಾಜ್ಯಾಂಗದ ಸಂಸ್ಥೆ ಎಂಬ ಉತ್ತರವಿತ್ತು, ನಿಜ. ಆದರೆ ಹದಿನೈದನೆಯ ಕಲಮು ಪಕ್ಕದಲ್ಲೇ ಕುಳಿತಿರುವಾಗ ಆ ಉತ್ತರವನ್ನು ನಂಬುವವರಾರು? ಇದು ನನ್ನ ಅಭಿಪ್ರಾಯದಲ್ಲಿ ಮುಂಡಶ್ಶೇರಿಯವರ ದೊಡ್ಡ ಎಡವಟ್ಟು. ಸಂಬಳ, ನೇಮಕ ಎರಡನ್ನೇ ಹಿಡಿದು ಹೊರಟಿದ್ದರೆ ಅವರ ಹಿಂದೆ ಇಡೀ ಉಪಾಧ್ಯಾಯ ವರ್ಗವಿರುತ್ತಿತ್ತು. ವಿರೋಧಿಗಳ ಬಾಯಲ್ಲಿ ಹೆಚ್ಚು ಮಾತಿರುತ್ತಿರಲಿಲ್ಲ. ಸ್ವಾಧೀನದ ಕಲಮನ್ನು ಅದೇ ಗಂಟಿಗೆ ಕಟ್ಟಿದುದರಿಂದ ಹಣ ಕದಿಯುತ್ತಿದ್ದ ಮ್ಯಾನೇಜರನಿಗೂ ದೇವರ ಹೆಸರಿನಲ್ಲಿ ದೂರಿಕೊಳ್ಳುವ ಅವಕಾಶ ಸಿಕ್ಕಿತು.

ರಾಜ್ಯಪಾಲ ಬಿ. ರಾಮಕೃಷ್ಣರಾಯರು ಮಸೂದೆಗೆ ತಾವು ಅಂಕಿತ ಹಾಕದೆ ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಬಾಬು ರಾಜೇಂದ್ರ ಪ್ರಸಾದರು 1957ರ ಡಿಸೆಂಬರಿನಲ್ಲಿ ರಾಜ್ಯಾಂಗದ 143ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಒಂದು ರಾಜ್ಯದ ಶಾಲೆಗಳ ಮಸೂದೆ ದೇಶದ ಅತ್ಯುನ್ನತ ನ್ಯಾಯಸ್ಥಾನದ ಮುಂದೆ ನಿಂತಿತು. ಕೇರಳದ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್ ಬಂದರು. ಶ್ರೇಷ್ಠ ನ್ಯಾಯಾಧೀಶ ಎಸ್. ಆರ್. ದಾಸರ ನೇತೃತ್ವದ ಏಳು ಮಂದಿ ನ್ಯಾಯಮೂರ್ತಿಗಳ ಪೀಠ 1958ರ ಮೇ 22ರಂದು ತನ್ನ ಅಭಿಪ್ರಾಯ ಕೊಟ್ಟಿತು. ನ್ಯಾಯಮೂರ್ತಿ ವೆಂಕಟರಾಮ ಅಯ್ಯರರು ಮಾತ್ರ ಕೆಲವಂಶಗಳಲ್ಲಿ ಬೇರೆ ನಿಂತರು.

ವಿಷಯವೆಲ್ಲ ರಾಜ್ಯಾಂಗದ 30ನೆಯ ವಿಧಿಯ ಸುತ್ತ ತಿರುಗಿತು. ಮತದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಅದು ಕೊಡುತ್ತದೆ. ಅಲ್ಪಸಂಖ್ಯಾತರೆಂದರೆ ಎಲ್ಲಿ ಅಲ್ಪಸಂಖ್ಯಾತರು? ಕ್ರೈಸ್ತರು ಹೆಚ್ಚಾಗಿರುವ ಊರಲ್ಲಿ ಅವರನ್ನು ಅಲ್ಪಸಂಖ್ಯಾತರೆನ್ನಬಹುದೆ? ಕಾನೂನು ಇಡೀ ರಾಜ್ಯಕ್ಕೆ ಅನ್ವಯಿಸುವುದರಿಂದ ಇಡೀ ರಾಜ್ಯದ ಜನಸಂಖ್ಯೆಯನ್ನೇ ಅಳತೆಗೋಲಾಗಿಟ್ಟುಕೊಳ್ಳಬೇಕೆಂದಿತು ಕೋರ್ಟು. ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲವೆಂದೂ, ಗ್ರಾಂಟು ಕೊಡುವ ಸರ್ಕಾರ ತಕ್ಕ ಷರತ್ತುಗಳನ್ನು ಹಾಕಬಹುದೆಂದೂ ಸ್ಪಷ್ಟಪಡಿಸಿತು. ಆದರೆ ಶಾಲೆಯನ್ನೇ ಕಿತ್ತುಕೊಳ್ಳುವ ಹದಿನಾಲ್ಕು, ಹದಿನೈದನೆಯ ಕಲಮುಗಳು ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ರಾಜ್ಯಾಂಗಕ್ಕೆ ವಿರುದ್ಧವೆಂದಿತು. ಪ್ರಾಥಮಿಕ ತರಗತಿಗಳಲ್ಲಿ ಫೀಜು ತೆಗೆದುಕೊಳ್ಳಬಾರದೆಂಬ ಇಪ್ಪತ್ತನೆಯ ಕಲಮಿಗೂ, ನಷ್ಟ ತುಂಬಿಕೊಡದಿದ್ದರೆ ಅದು ಹಕ್ಕಿಗೆ ಧಕ್ಕೆಯಾಗುವುದೆಂಬ ಕಾರಣದಿಂದ, ಅಡ್ಡಿ ಬಂತು.

ಇನ್ನು ಸಂಬಳ ಮತ್ತು ನೇಮಕದ ಕಲಮುಗಳು. ಇವು ಆಡಳಿತದ ಹಕ್ಕಿನೊಳಗೆ ಬಹಳ ದೂರ ನುಗ್ಗುತ್ತವೆ, ಎಲ್ಲೆಯ ಹತ್ತಿರವೇ ಬರುತ್ತವೆ ಎಂದು ನ್ಯಾಯಮೂರ್ತಿಗಳಿಗೂ ಅನಿಸಿತು. ಆದರೂ ಬಡ ಉಪಾಧ್ಯಾಯರ ರಕ್ಷಣೆಗಾಗಿ ಹಾಕಿದ, ಅನುದಾನ ಪಡೆಯುವವರು ಒಪ್ಪಬಹುದಾದ ನಿಬಂಧನೆಗಳೆಂದು ಅವನ್ನು ಎತ್ತಿಹಿಡಿದರು. ಅಂದರೆ ಉಪಾಧ್ಯಾಯನಿಗೆ ಬೇಕಾಗಿದ್ದ ಎರಡೂ ಕಲಮುಗಳು ಸುಪ್ರೀಂ ಕೋರ್ಟಿನ ಪರೀಕ್ಷೆಯಲ್ಲಿ ಪಾಸಾದವು. ಅವುಗಳಲ್ಲೊಂದನ್ನು ಆಮೇಲೆ ಕೆಡವಿದ್ದು ನ್ಯಾಯಸ್ಥಾನವಲ್ಲ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಕೋರ್ಟಿನ ಅಭಿಪ್ರಾಯಕ್ಕೆ ತಕ್ಕಂತೆ ತಿದ್ದಿದ ಮಸೂದೆಯನ್ನು ಸಭೆ 1958ರ ನವೆಂಬರಿನಲ್ಲಿ ಮತ್ತೊಮ್ಮೆ ಒಪ್ಪಿತು. 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜೂನ್ 1ರಿಂದ, ಎಂದರೆ ಮಳೆಗಾಲದ ಶಾಲೆಗಳು ತೆರೆಯುವ ಹೊತ್ತಿಗೆ ಸರಿಯಾಗಿ, ಅದು ಜಾರಿಗೆ ಬಂತು. ಆ ತಿಂಗಳೇ ನಾಡು ಹೊತ್ತಿಕೊಂಡಿತು. ಕೆಥೊಲಿಕ ಸಭೆ ಮೊದಲಿನಿಂದಲೂ ಎದುರಿಗಿತ್ತು. ಈಗ ಮನ್ನತ್ತು ಪದ್ಮನಾಭನ್ ಅವರ ನಾಯರ್ ಸೊಸೈಟಿಯೂ ಜೊತೆಗೂಡಿತು. ಅವರ ಕೋಪಕ್ಕೆ ಶಾಲೆಗಳಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಅದೇ ಜೂನಿನಲ್ಲಿ ಸಭೆಯ ಒಪ್ಪಿಗೆ ಪಡೆದ ಭೂಸಂಬಂಧಗಳ ಮಸೂದೆ ಕಾರಣ. ಕಾಂಗ್ರೆಸ್ಸು, ಪ್ರಜಾ ಸೋಷಲಿಸ್ಟರು, ಮುಸ್ಲಿಂ ಲೀಗಿನವರು ಎಲ್ಲರೂ ಸೇರಿದರು. ಖಾಸಗಿ ಶಾಲೆಗಳ ಬಾಗಿಲು ಮುಚ್ಚಿತು. ತೆರೆದಿದ್ದ ಶಾಲೆಗಳ ಮುಂದೆ ಪಿಕೆಟಿಂಗ್ ನಡೆಯಿತು. ಜೂನ್ 12ರಂದು ‘ವಿಮೋಚನ ಸಮರ’ ಆರಂಭವಾದ ಮರುದಿನವೇ ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಮಂದಿ ಬಲಿಯಾದರು. ನೆಹರೂ ಅವರು ಅದೇ ತಿಂಗಳು ತಿರುವನಂತಪುರಕ್ಕೆ ಬಂದು ನೋಡಿ ಹೋದರು. ಜುಲೈ 31ರಂದು ಕೇಂದ್ರ ಸರ್ಕಾರ ಮಂತ್ರಿಮಂಡಲವನ್ನು ವಜಾ ಮಾಡಿತು. ಬಹುಮತವಿದ್ದ ಸರ್ಕಾರವನ್ನು ಹೀಗೆ ಕಳಿಸಿದುದು ಸರಿಯೆ ಎಂಬ ಚರ್ಚೆ ಅಂದಿನಿಂದ ನಿಂತಿಲ್ಲ. ಅದು ಬೇರೊಂದು ಲೇಖನಕ್ಕಾಗುವಷ್ಟಿದೆ.

ನಮ್ಮ ಉಪಾಧ್ಯಾಯನ ಬಳಿಗೆ ಹಿಂದಿರುಗೋಣ. 1960ರ ಫೆಬ್ರವರಿಯ ಚುನಾವಣೆಯಲ್ಲಿ ಕಮ್ಯುನಿಸ್ಟರ ಸ್ಥಾನಗಳು 29ಕ್ಕೆ ಇಳಿದವು. ಅವರಿಗೆ ಬಿದ್ದ ವೋಟುಗಳ ಪ್ರಮಾಣ ಮಾತ್ರ ಹಿಂದಿಗಿಂತ ಹೆಚ್ಚಿತು ಎಂಬುದು ವಿಚಿತ್ರ. ಪಟ್ಟಂ ಥಾನು ಪಿಳ್ಳೆಯವರ ಸಂಯುಕ್ತ ಸರ್ಕಾರ ಬಂತು. ಇಷ್ಟು ದೊಡ್ಡ ಹೋರಾಟದ ಫಲವಾಗಿ ಬಂದ ಸರ್ಕಾರ ಈ ಶಾಸನವನ್ನು ಹರಿದು ಬಿಸಾಡೀತೆಂದು ಯಾರಾದರೂ ಭಾವಿಸಬಹುದು. ಹಾಗಾಗಲಿಲ್ಲ. ಅದು ಮಾಡಿದ್ದು ಮುಖ್ಯವಾಗಿ ಹನ್ನೊಂದನೆಯ ಕಲಮಿನ ಶಸ್ತ್ರಚಿಕಿತ್ಸೆ. ಅದೇ ವರ್ಷದ ತಿದ್ದುಪಡಿಯಿಂದ ಕಮಿಷನ್ನಿನ ಪಟ್ಟಿ ಹೋಯಿತು. ನಿಗದಿಯಾದ ವಿದ್ಯಾರ್ಹತೆ ಇರುವವರಲ್ಲಿ ಯಾರನ್ನು ಬೇಕಾದರೂ ಮ್ಯಾನೇಜರು ನೇಮಿಸಿಕೊಳ್ಳಬಹುದೆಂದಾಯಿತು. ಒಂಬತ್ತನೆಯ ಕಲಮನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಬರುವುದಾದರೂ ಹೇಗೆ? ತಿಂಗಳ ಮೊದಲಲ್ಲಿ ಪೂರ್ಣ ಸಂಬಳ ಕೈಗೆಣಿಸಿದ ಉಪಾಧ್ಯಾಯರು ಕ್ರೈಸ್ತ ಶಾಲೆಗಳಲ್ಲಿಯೂ ಇದ್ದರು, ನಾಯರ್ ಶಾಲೆಗಳಲ್ಲಿಯೂ ಇದ್ದರು. ಮೆರವಣಿಗೆಗಳಲ್ಲಿ ನಡೆದವರ ಮನೆಗಳಲ್ಲೂ ಉಪಾಧ್ಯಾಯರಿದ್ದರಷ್ಟೆ.

ಆಡಳಿತ ಮಂಡಳಿಗಳಿಗೂ ಇದರಿಂದ ನಷ್ಟವಾಗಲಿಲ್ಲವೆಂಬುದು ಮುಂದೆ ನಿಧಾನವಾಗಿ ಗೊತ್ತಾಯಿತು. ಸಂಬಳದ ಹೊರೆ ಸರ್ಕಾರದ ಹೆಗಲಿಗೆ ಹೋಯಿತು. ನೇಮಕದ ಅಧಿಕಾರ ತಮ್ಮಲ್ಲೇ ಉಳಿಯಿತು. ಸಂಬಳ ಖಾತ್ರಿಯಾದಷ್ಟೂ ಆ ಕೆಲಸದ ಬೆಲೆ ಏರಿತು. ಮೊದಲು ಹಸಿದ ಉಪಾಧ್ಯಾಯನ ಸಂಬಳದಲ್ಲಿ ಕಡಿತವಾಗುತ್ತಿದ್ದರೆ, ಈಗ ಪಿಂಚಣಿಯ ಕೆಲಸ ಬೇಕೆನ್ನುವವನ ತಂದೆ ಜಮೀನು ಮಾರುವಂತಾಯಿತು. ಎಲ್ಲ ಶಾಲೆಗಳಲ್ಲೂ ಹೀಗೆಂದು ನಾನು ಹೇಳುವುದಿಲ್ಲ. ಅರ್ಹತೆಯನ್ನೇ ನೋಡಿ ನೇಮಿಸುವ ಮಂಡಳಿಗಳೂ ಇವೆ. ಆದರೆ ಕೇರಳದ ಪತ್ರಿಕೆಗಳಲ್ಲಿ, ಸಭೆಯಲ್ಲಿ, ಅನುದಾನಿತ ಶಾಲೆಗಳ ನೇಮಕಗಳನ್ನು ಕಮಿಷನ್ನಿಗೆ ಒಪ್ಪಿಸಬೇಕೆಂಬ ಮಾತು ಎಷ್ಟೋ ಸಲ ಎದ್ದು ಮತ್ತೆ ಮಲಗಿದೆ. ಹೊಸ ಸಹಸ್ರಮಾನದಲ್ಲಿಯೂ ಅದು ಕೇಳಿಬಂತು. ಎಡಪಕ್ಷಗಳೇ ಅಧಿಕಾರಕ್ಕೆ ಹಲವು ಸಲ ಬಂದು ಹೋದರೂ 1957ರ ಹನ್ನೊಂದನೆಯ ಕಲಮನ್ನು ಅದರ ಮೂಲರೂಪದಲ್ಲಿ ಮರಳಿ ತರಲಿಲ್ಲ. 1959ರ ಜೂನ್ ತಿಂಗಳು ರಾಜಕಾರಣಿಗಳ ಸ್ಮೃತಿಯಲ್ಲಿ ಅಷ್ಟು ಆಳವಾಗಿ ಇಳಿದಿದೆ.

1958ರ ಅಭಿಪ್ರಾಯ ಕೇರಳದಲ್ಲೇ ನಿಲ್ಲಲಿಲ್ಲ. ದೇಶದ ಯಾವ ಮೂಲೆಯಲ್ಲಿ ಅಲ್ಪಸಂಖ್ಯಾತರ ಶಾಲೆ ಕಾಲೇಜುಗಳ ಮೊಕದ್ದಮೆ ಎದ್ದರೂ ವಕೀಲರು ಮೊದಲು ತೆರೆಯುವುದು ಅದನ್ನು. ನಮ್ಮ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕುಳಿತು ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕುಬಾಧ್ಯತೆಗಳನ್ನು ಮತ್ತೆ ಮೊದಲಿನಿಂದ ವಿಚಾರಿಸಿದಾಗಲೂ, ಅಲ್ಪಸಂಖ್ಯಾತರನ್ನು ರಾಜ್ಯವಾರಾಗಿಯೇ ಎಣಿಸಬೇಕೆಂಬ ನಿಲುವು ನಿಂತಿತು. ಕಾಸರಗೋಡಿನ ಕನ್ನಡಿಗರಿಗೆ ಈ ಅಂಶ ಹತ್ತಿರದ್ದು. ಕರ್ನಾಟಕದಲ್ಲಿ ಬಹುಸಂಖ್ಯಾತರಾಗುತ್ತಿದ್ದ ಅವರು ಗಡಿಯ ಆಚೆ ಭಾಷಾ ಅಲ್ಪಸಂಖ್ಯಾತರು. ಬಿಷಪ್ಪರು ಯಾವ ವಿಧಿಯನ್ನು ಹಿಡಿದು ವಾದಿಸಿದರೋ ಅದೇ ವಿಧಿಯ ನೆರಳು ಅವರ ಶಾಲೆಗಳಿಗೂ ಇದೆ.

ಮುಂಡಶ್ಶೇರಿಯವರು 1971ರಲ್ಲಿ ಕೊಚ್ಚಿ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದರು, 1977ರಲ್ಲಿ ತೀರಿಕೊಂಡರು. ಅಷ್ಟರೊಳಗೆ, 1972ರಲ್ಲಿ, ಖಾಸಗಿ ಕಾಲೇಜುಗಳ ಅಧ್ಯಾಪಕರಿಗೂ ಸರ್ಕಾರದಿಂದ ನೇರ ಸಂಬಳದ ಏರ್ಪಾಡಾಗಿತ್ತು. ‘ಪ್ರೊಫೆಸರ್’ ಕಾದಂಬರಿಯನ್ನು ಬರೆದವರು ಅದನ್ನು ಕಣ್ಣಾರೆ ಕಂಡರು. ಅವರ ಕಾಯಿದೆ ಕೇರಳದ ಶಾಸನಗಳ ಸಂಪುಟದಲ್ಲಿ 1959ರ ಆರನೆಯ ಕಾಯಿದೆಯಾಗಿ ಹಾಗೆಯೇ ಇದೆ. ಅಲ್ಲಿನ ಅನುದಾನಿತ ಶಾಲೆಗಳಲ್ಲಿ ಇಂದಿಗೂ ಸಂಬಳ ಖಜಾನೆಯಿಂದ ಬರುತ್ತದೆ. ನೇಮಕದ ಆಜ್ಞೆಗೆ ರುಜು ಹಾಕುವವರು ಮ್ಯಾನೇಜರು.